ಜಾವೆಲಿನ್‌ಗೆ ಹಚ್ಚಿದ ಎಣ್ಣೆ

ವಿಜಯದಶಮಿಯ ಮರುದಿನ, ಬೆಳಿಗ್ಗೆ ಆರೂವರೆ. ಸದಲಗಾದಾಚೆಯ ಒಂದು ಹಳ್ಳಿಯ ಶಾಲಾ ಮೈದಾನ. ಇದ್ದವರು ಮೂವರು: ನಿವೃತ್ತ ದೈಹಿಕ ಶಿಕ್ಷಕನಾದ ನಾನು, ಜಾವೆಲಿನ್ ಎಸೆಯುವ ಹುಡುಗಿ, ಅವಳ ಅಜ್ಜ. ಅದರ ಮರುದಿನವೇ ಚಿಕ್ಕೋಡಿಯಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆ. ಮುಂದಿನ ವರ್ಷ ಅವಳ ವಯಸ್ಸು ಆ ವಿಭಾಗಕ್ಕೆ ಮೀರುತ್ತಿತ್ತು. ಇದೊಂದೇ ಅವಕಾಶ.

ಮೊದಲು ಓಟ, ಆಮೇಲೆ ಭುಜದ ವ್ಯಾಯಾಮ, ಆಮೇಲೆ ಎಸೆತ. ಈ ಕ್ರಮವನ್ನು ನಾನು ಬದಲಿಸುವುದಿಲ್ಲ. ಮೊದಲ ಎಸೆತದಲ್ಲೇ ಜಾವೆಲಿನ್ ಕೈಯಿಂದ ಜಾರಿ, ಬಾಲ ಬಡಿದು ಬಿತ್ತು. ತುದಿ ಮೊದಲು ನೆಲ ಮುಟ್ಟದಿದ್ದರೆ ಎಸೆತ ಲೆಕ್ಕಕ್ಕಿಲ್ಲ. ಎರಡನೆಯದೂ ಹಾಗೇ ಆಯಿತು. ಹೋಗಿ ಹಿಡಿಗೆ ಸುತ್ತಿದ ಹುರಿಯನ್ನು ಮುಟ್ಟಿದೆ. ಎಣ್ಣೆ.

"ಯಾರು ಹಚ್ಚಿದ್ರವ್ವಾ ಇದನ್ನ?"

ಹುಡುಗಿ ಅಜ್ಜನ ಕಡೆ ನೋಡಿದಳು.

"ನಾನ ರೀ ಸರ್," ಎಂದರು ಅಜ್ಜ. "ಖಂಡೇನವಮಿಗೆ ಕುಡಗೋಲು, ಕೊಡ್ಲಿ, ನಮ್ಮಪ್ಪನ ಭರ್ಚಿ ಎಲ್ಲಾ ಪೂಜಿಗೆ ಇಟ್ಟಿದ್ವಿ. ಇದನ್ನೂ ಜೋಡಿ ಇಟ್ಟು ಎಣ್ಣಿ ಉಣಿಸಿದೆ. ಇಲ್ಲಾಂದ್ರ ತುಕ್ಕ ಹಿಡೀತೈತ್ರಿ."

"ಅಲ್ಯುಮಿನಿಯಂಗ ಎಲ್ಲಿ ತುಕ್ಕ ಅಜ್ಜಾ? ನಿನ್ನ ಭರ್ಚಿ ಹಂದಿ ಹೊಡಿಯೂದು. ನಂದು ಬಯಲಿಗೆ ಒಗಿಯೂದು."

"ಹಂದಿ ಇಲ್ಲದ ಭರ್ಚಿ ಯಾತಕ್ಕ ಬೇ?"

ಅವಳು ನಗಲಿಲ್ಲ. ಕಣ್ಣು ತುಂಬಿತ್ತು.

ಒರೆಸಿದೆವು, ಬೂದಿ ತಿಕ್ಕಿದೆವು. ಹುರಿ ಒಳಗಿನವರೆಗೆ ಎಣ್ಣೆ ಹೀರಿತ್ತು. ಮೇಲೆ ಬಟ್ಟೆ ಸುತ್ತೋಣವೆಂದರು ಅಜ್ಜ. ಸ್ಪರ್ಧೆಗೆ ಮುನ್ನ ಪ್ರತಿ ಜಾವೆಲಿನ್ನಿನ ತಪಾಸಣೆಯಾಗುತ್ತದೆ, ಬಟ್ಟೆ ನಡೆಯದು ಎಂದೆ. ಹಳೆಯ ಹುರಿ ಬಿಚ್ಚಿ ಹೊಸದು ಸುತ್ತಬೇಕಾಯಿತು. ಬಿಡಿ ಹುರಿ ನನ್ನ ಚೀಲದಲ್ಲಿ ಸದಾ ಇರುತ್ತದೆ. ಅಜ್ಜನಿಗೆ ಕೈ ತೊಳೆದು ಬರಲು ಹೇಳಿದೆ. ಅವರು ಬಿಗಿಯಾಗಿ ಎಳೆದು ಹಿಡಿದರು, ನಾನು ಸುತ್ತಿದೆ. ಕೊನೆಯಲ್ಲಿ ಅವರು ಗಂಟು ಹಾಕಲು ಹೊರಟರು.

"ಗಂಟು ಬ್ಯಾಡ್ರಿ."

"ಗಂಟಿಲ್ಲಂದ್ರ ಬಿಚ್ಚತೈತಲ್ರಿ?"

"ಗಂಟಿದ್ರ ತಪಾಸಣ್ಯಾಗ ತೆಗೆದಿಡ್ತಾರ್ರಿ."

ಹುರಿಯ ತುದಿಯನ್ನು ಸುತ್ತುಗಳ ಅಡಿಗೆ ಸೇರಿಸಿ ಎಳೆದೆ.

ಹುಡುಗಿ ಒಮ್ಮೆ ಹಿಡಿದು ನೋಡಿ, ಹಿಂದೆ ಸರಿದು, ಓಡಿಬಂದು ಎಸೆದಳು. ಜಾವೆಲಿನ್ ನೇರವಾಗಿ ಹೋಗಿ ತುದಿಯೂರಿ ನಿಂತಿತು. ಇನ್ನೆರಡು ಎಸೆತಗಳೂ ಸರಿಯಾದವು. ಸಾಕು ಎಂದೆ, ನಾಳೆಗೆ ತೋಳು ಉಳಿಯಬೇಕು.

ಅಜ್ಜ ತಾವೇ ನಡೆದು ಹೋದರು. ಅಂಗೈಯನ್ನು ಧೋತರಕ್ಕೆ ಎರಡು ಸಲ ಒರೆಸಿಕೊಂಡು, ಹುರಿ ಬಿಟ್ಟು ಮೇಲುಗಡೆ ಹಿಡಿದು ಅದನ್ನು ನೆಲದಿಂದ ಕಿತ್ತರು. ನಾನು ತುದಿಯ ಮಣ್ಣು ತೆಗೆದು, ಜಾವೆಲಿನ್ನನ್ನು ಬಟ್ಟೆಯ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ.