ಲೋಟದೊಳಗಿನ ಬಿಳಿ ದಾರ

ಬೆಳಕು ಹರಿಯುವ ಮುನ್ನ ಡೊರ್ಕಾಸ್ ಬೂದಿ ಕೆದಕಿ ಕೆಂಡ ಊದಿದಳು, ಹಂದಿಗಳಿಗೆ ಗೆಣಸು ಬೇಯಿಸಿದಳು, ಅವುಗಳ ಕಟ್ಟು ಬಿಚ್ಚಿ ಹೊರಗಟ್ಟಿದಳು, ಹೊಳೆಯಿಂದ ಎರಡು ಸಲ ನೀರು ತಂದಳು, ಅತ್ತೆಯ ಕಾಲಿಗೆ ಬಿಸಿಕಲ್ಲು ಇಟ್ಟಳು, ಗಂಡ ನೋಕಿಯ ಅಂಗಿಯನ್ನು ಬೆಂಕಿಗೆ ಹಿಡಿದು ಒಣಗಿಸಿದಳು. ನೋಕಿ ಇನ್ನೂ ಗೊರಕೆ ಹೊಡೆಯುತ್ತಿದ್ದ.

ಇವತ್ತು ಅವನು ಕೊಡುಗೆ ಕೊಟ್ಟು ಮೆರೆಯುವ ದಿನ. ತನ್ನ ತಂಗಿ ಮೆಕಿಯ ಗಂಡನ ಕುಲಕ್ಕೆ ನಾಲ್ಕು ಮೂಟೆ ಬಿತ್ತನೆ ಆಲೂಗೆಡ್ಡೆ ಕೊಡುತ್ತೇನೆಂದು ಟಾಂಬುಲ್ ಊರಿನ ಬಯಲಿನಲ್ಲಿ, ಗಂಡಸರೆಲ್ಲರ ಮುಂದೆ, ಅವನು ಭಾಷಣ ಮಾಡಿದ್ದ. ನೆಟ್ಟು, ಮಣ್ಣೇರಿಸಿ, ಅಗೆದು, ಹೊತ್ತು ತಂದದ್ದು ಡೊರ್ಕಾಸ್.

ಗೆಣಸು ಕೀಳಲು ಹೋದಾಗ ನೋಡಿದಳು: ಆ ಮೂಟೆಗಳ ಗೆಡ್ಡೆ ಅಗೆದ ಹೊಲದಂಚಿನಲ್ಲಿ, ಅಗೆಯದೆ ಉಳಿದಿದ್ದ ಮೂರು ಆಲೂ ಗಿಡಗಳು ಹಸಿರಾಗಿರುವಾಗಲೇ ತಲೆ ಬಗ್ಗಿಸಿದ್ದವು. ಒಂದು ಕಾಂಡ ಕೊಯ್ದು ತಂದು ಲೋಟದ ನೀರಿಗೆ ಇಳಿಬಿಟ್ಟಳು. ಕೊಯ್ದ ತುದಿಯಿಂದ ಬಿಳಿ ದಾರವೊಂದು ನಿಧಾನವಾಗಿ ಇಳಿಯತೊಡಗಿತು.

ಈ ಪರೀಕ್ಷೆ ಕಲಿಸಿದ್ದು ಕೃಷಿ ಇಲಾಖೆಯ ಹೆಂಗಸು. ಆ ದಾರವೆಲ್ಲ ಗಿಡ ಬಾಡಿಸುವ ರೋಗದ, ಕಣ್ಣಿಗೆ ಕಾಣದ ಜೀವಿಗಳು. ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತವೆ. ಬೇರು ಒಸರುವ ರಸದ ರುಚಿ ಸಿಕ್ಕರೆ ಒದ್ದೆ ಮಣ್ಣಿನಲ್ಲಿ ಅತ್ತಲೇ ಈಜಿ, ಗುದ್ದಲಿ ತಾಗಿದ ಗಾಯದಲ್ಲಿ ಒಳಹೊಗುತ್ತವೆ. ಕೆಲವೇ ಇದ್ದಾಗ ತೆಪ್ಪಗಿರುತ್ತವೆ. ತಾವೇ ಬಿಟ್ಟ ರಸ ದಟ್ಟವಾದಾಗ ತಮ್ಮವರು ಸಾಕಷ್ಟು ಸೇರಿದ್ದಾರೆಂದು ಅರಿತು, ಒಟ್ಟಿಗೆ ಅಂಟು ಸುರಿಸಿ ಗಿಡಕ್ಕೆ ನೀರೇರುವ ದಾರಿ ಮುಚ್ಚಿಬಿಡುತ್ತವೆ. ಇಲ್ಲಿನ ಚಳಿಗೆ ಗೆಡ್ಡೆಯೊಳಗೆ ಸುಳಿವು ಕೊಡದೆ ಕೂತಿರುವುದೂ ಉಂಟು.

"ಬಿಸಿಲಿಗೆ ಬಾಡಿರ್ತಾವೆ ಬಿಡೇ," ಎಂದ ಎದ್ದು ಬಂದ ನೋಕಿ, ತಲೆಗೆ ಗರಿ ಸಿಕ್ಕಿಸಿಕೊಳ್ಳುತ್ತ.

"ನಾಲ್ಕು ದಿನದಿಂದ ಮಂಜು. ಬಿಸಿಲು ನಿನ್ನ ತಲೇಲಿದೆಯಾ?"

"ಗೆಡ್ಡೆ ನೋಡು, ಹೇಗೆ ಮಿರಮಿರ ಅಂತಿದೆ! ಬರಿಗೈಲಿ ನಿಂತ್ರೆ ಆ ಕುಲದೋರು ನನ್ನ ಮೊಮ್ಮಕ್ಕಳನ್ನೂ ನೋಡಿ ನಗ್ತಾರೆ."

"ಇದನ್ನ ನೆಟ್ರೆ ಮೆಕಿ ಹೊಲವೇ ಹೋಗುತ್ತೆ. ವರ್ಷಗಟ್ಟಲೆ ಆಲೂ ಬರಲ್ಲ."

"ಆಮೇಲಿಂದು ಆಮೇಲೆ. ಬಾಯಿ ಬಿಟ್ಟೀಯ, ಹುಷಾರ್!" ಮೂಟೆ ಹೊರುವವರನ್ನು ಕರೆತರಲು ಹೊರಟ.

ಅವನು ಮರೆಯಾಗುತ್ತಿದ್ದಂತೆ ಮೆಕಿ ಬಂದಳು. ಅಂಗೈ ತುಂಬ ಬೊಬ್ಬೆ.

"ನೋಡು ಅತ್ತಿಗೆ! ಮೂರು ತಿಂಗ್ಳು ಒಬ್ಳೇ ಹುಲ್ಲು ಕಿತ್ತು ಹೊಲ ಮಾಡಿದೀನಿ. ನಮ್ಮೋನು ಬೇಲಿ ಮೇಲೆ ಕೂತ್ಕೊಂಡು, 'ಅಲ್ಲೊಂದು ಕಡ್ಡಿ ಬಿಟ್ಟೆ' ಅಂತಿದ್ದ."

ಡೊರ್ಕಾಸ್‌ಗೆ ನಗು ಬರಲಿಲ್ಲ. ಲೋಟ ತೋರಿಸಿ ಎಲ್ಲ ಹೇಳಿದಳು. "ಬೇಡ ಅಂದ್ಬಿಡೆ ಮೆಕಿ."

ಮೆಕಿಯ ಮುಖ ಸಣ್ಣಗಾಯಿತು. "ಬೇಡ ಅನ್ನೋಕೆ ನಾನ್ಯಾರು? ಕೊಡೋರು ಗಂಡಸರು, ತಗೊಳ್ಳೋರು ಗಂಡಸರು. ನೆಡದಿದ್ರೆ, ಕುಲದ ಮಾನ ಕಳೆದೆ ಅಂತ ನಮ್ಮೋನು ಹೊಡೀತಾನೆ." ತಾಯಿಯನ್ನು ನೋಡಲು ಒಳಗೆ ಹೋದಳು.

ಇಳಿಜಾರಿನಲ್ಲಿ ಗಂಡಸರ ಕೇಕೆ ಹತ್ತಿರವಾಗುತ್ತಿತ್ತು. ಮೂಟೆ ದಾಟಿಸಿದರೆ ಮೆಕಿಯ ಹೊಲ ಹೋಗುತ್ತದೆ. ದಾಟಿಸದಿದ್ದರೆ ಏಟು ತನ್ನ ಬೆನ್ನಿಗೆ. ಡೊರ್ಕಾಸ್ ಗೋಡೆ ಬದಿಯ ಸೀಮೆಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸಿದಳು. ಮೊದಲ ಮೂಟೆಯ ಬಾಯಿ ಬಿಚ್ಚಿ, ಇನ್ನು ಯಾರೂ ನೆಡಲಾಗದಂತೆ ಗೆಡ್ಡೆಗಳ ಮೊಳಕೆಗಳ ಮೇಲೆ ಎಣ್ಣೆ ಸುರಿದಳು. ಆಮೇಲೆ ಎರಡನೆಯದರ ಹಗ್ಗಕ್ಕೆ ಕೈಹಾಕಿದಳು.