ಅಡಿಕೆಗೂಡಿನ ಕೆಳಗೆ ಒಂದು ಮಧ್ಯಾಹ್ನದ ನಿದ್ದೆ

ನಾಲ್ಕು ವರ್ಷಗಳ ಹಿಂದೆ ನಾನು ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯ ಎನರ್ಜಿ ಆಡಿಟರ್ ಆಗಿದ್ದೆ. ಒಂದು ಮನೆ ವಿದ್ಯುತ್ತನ್ನು ಎಲ್ಲಿ ಬಳಸುತ್ತದೆ, ಎಲ್ಲಿ ಪೋಲು ಮಾಡುತ್ತದೆ ಎಂದು ಅಳೆದು ಪರಿಹಾರ ಸೂಚಿಸುವುದು ಈ ಹುದ್ದೆಯ ಕೆಲಸ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನನಗೆ, ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮಂಡಿಸಿದರೆ ಜನ ಒಪ್ಪಿಯೇ ಒಪ್ಪುತ್ತಾರೆ ಎಂಬ ನಂಬಿಕೆಯಿತ್ತು. ಪೆರಾಬೆಯ ಒಂದು ಸಭೆಯಲ್ಲಿ ಆ ನಂಬಿಕೆಯನ್ನು ಒಬ್ಬರು ಎಲ್ಲರೆದುರು ಮುರಿದರು. ನಾನು ಅದನ್ನು ಮರೆಯಲಿಲ್ಲ. ಮರೆಯಲು ಪ್ರಯತ್ನಿಸಲೂ ಇಲ್ಲ.

ಊರಿಗೊಂದು ಮಾದರಿ ಮನೆಯನ್ನು ರೂಪಿಸುವುದು ನಮ್ಮ ಯೋಜನೆಯಾಗಿತ್ತು. ಹವಾಮಾನದ ಗುರಿಗಳು ದೆಹಲಿಯಲ್ಲಿ ಘೋಷಣೆಯಾಗಬಹುದು. ಅವು ಈಡೇರಬೇಕಾದದ್ದು ನಮ್ಮ ಅಡುಗೆಮನೆಗಳಲ್ಲಿ, ಮಲಗುವ ಕೋಣೆಗಳಲ್ಲಿ. ಕಡಿಮೆ ವಿದ್ಯುತ್ ಎಳೆಯುವ ಫ್ಯಾನು, ಸ್ನಾನದ ನೀರಿಗೆ ಸೋಲಾರ್ ಹೀಟರ್, ಬಾಗಿಲಿನ ರಬ್ಬರ್ ಸಡಿಲಾದ ಫ್ರಿಜ್ಜಿನ ದುರಸ್ತಿ, ಗಾಳಿಯಾಡುವಂತೆ ಎದುರುಬದುರು ಕಿಟಕಿ: ಇಷ್ಟನ್ನೇ ನಾನು ಆ ದಿನ ವಿವರಿಸಿದ್ದು. ಬೇಸಿಗೆ ಮುಗಿಯುವುದರೊಳಗೆ ಒಂದು ಮನೆಯಾದರೂ ಸಿದ್ಧವಾಗದಿದ್ದರೆ ಮೂರೂ ತಾಲೂಕುಗಳಲ್ಲಿ ಕೆಲಸ ನಿಲ್ಲಿಸುವುದಾಗಿ ಸಂಸ್ಥೆ ನನಗೆ ತಿಳಿಸಿತ್ತು. ಪೆರಾಬೆಯ ಕೃಷಿಕ ಮೋನಪ್ಪಣ್ಣ ತಮ್ಮ ಮನೆಯನ್ನು ಕೊಡಲು ಒಪ್ಪಿ ಎದ್ದು ನಿಂತಿದ್ದರು.

ಆಗ ಹಿಂದಿನ ಸಾಲಿನಿಂದ ವಿಶ್ವಣ್ಣ ಎದ್ದರು. ಆ ಭಾಗದಲ್ಲಿ ಹೊಸ ಮನೆ ಕಟ್ಟುವವರೆಲ್ಲ ಮೊದಲು ಹೋಗಿ ಕಾಣುತ್ತಿದ್ದ ಕಂಟ್ರಾಕ್ಟರ್ ಅವರು.

“ಎಂತ ಮೇಡಂ, ಮೋನಪ್ಪಣ್ಣ ಫ್ಯಾನ್ ಬದಲಿಸಿದ್ರೆ ಹಿಮಾಲಯದಲ್ಲಿ ಐಸ್ ಕರಗುದು ನಿಲ್ತದಾ? ಸೆಕೆ ಆದ್ರೆ ಎ.ಸಿ. ಹಾಕುದು, ಕತೆ ಮುಗೀತು. ನಿಮ್ಮ ಭಾಷಣಕ್ಕೆ ಫಸ್ಟ್ ಪ್ರೈಜ್ ಉಂಟು. ತಕೊಂಡು ಮನೆಗೆ ಹೋಗಿ ಮಾರಾಯ್ರೆ!”

ಸಭೆ ನಕ್ಕಿತು. ಮೋನಪ್ಪಣ್ಣನೂ ನಕ್ಕು, “ನಾನು ಸ್ವಲ್ಪ ಆಲೋಚನೆ ಮಾಡಿ ಹೇಳ್ತೇನೆ” ಎಂದು ಕುಳಿತುಬಿಟ್ಟರು. ನನ್ನ ಬಳಿ ಉತ್ತರವಿತ್ತು. ಆದರೆ ನಗುವ ಸಭೆಗೆ ಉತ್ತರ ಕೇಳಿಸುವುದಿಲ್ಲ.

ಸುಮಾರು ಒಂದು ತಿಂಗಳ ನಂತರ ಅರಂತೋಡಿನಿಂದ ಜಾನಕಿ ಎಂಬವರು ಕರೆ ಮಾಡಿದರು. ಹೊಸ ತಾರಸಿ ಮನೆ, ಎರಡು ಎ.ಸಿ., ಆದರೆ ಅವು ನಿಂತ ಕೂಡಲೇ ಮಲಗುವ ಕೋಣೆಯಲ್ಲಿ ಇರಲಾಗುವುದಿಲ್ಲ ಎಂದರು. ಮನೆ ಕಟ್ಟಿದವರು ಯಾರು ಎಂದು ಕೇಳಿದೆ. “ಯಾರೆಂದ್ರೆ? ನನ್ನ ತಮ್ಮನೇ. ವಿಶ್ವ.” ನಾಳೆಯೇ ಬರುತ್ತೇನೆ ಎಂದೆ, ಸಂತೋಷವನ್ನು ಅಡಗಿಸಿಕೊಂಡು.

ತಪ್ಪು ಹುಡುಕಲು ಉಪಕರಣ ಬೇಕಾಗಲಿಲ್ಲ. ನಮ್ಮಲ್ಲಿ ಅಡಿಕೆ ಒಣಗಿಸಲು ಪಾರದರ್ಶಕ ಶೀಟಿನ ಗೂಡು ಕಟ್ಟುತ್ತಾರೆ. ಬಿಸಿಲು ಒಳಗೆ ಬರುತ್ತದೆ, ಬಿಸಿ ಹೊರಗೆ ಹೋಗುವುದಿಲ್ಲ. ಅಡಿಕೆಗೆ ಅದೇ ಬೇಕು. ವಿಶ್ವಣ್ಣ ಅಂಗಳದ ಜಾಗ ಉಳಿಸಲೆಂದು ಆ ಗೂಡನ್ನು ತಾರಸಿಯ ಮೇಲೆ, ಮಲಗುವ ಕೋಣೆಯ ನೆತ್ತಿಗೇ ಕಟ್ಟಿ, ಮಳೆ ನುಗ್ಗದಂತೆ ನಾಲ್ಕೂ ಬದಿ ಮುಚ್ಚಿದ್ದರು. ಹಗಲಿಡೀ ಕಾದ ಕಾಂಕ್ರೀಟು ಕತ್ತಲಾದ ಮೇಲೂ ಆ ಬಿಸಿಯನ್ನು ಕೋಣೆಗೆ ಇಳಿಸುತ್ತಿತ್ತು. ಸೂರ್ಯ ಪುಕ್ಕಟೆಯಾಗಿ ಕೊಟ್ಟ ಶಾಖವನ್ನು ಹೊರಹಾಕಲು ಹದಿನೆಂಟು ಡಿಗ್ರಿಗೆ ಇಟ್ಟ ಎ.ಸಿ. ಬೆಳಗಿನವರೆಗೆ ಒದ್ದಾಡುತ್ತಿತ್ತು.

“ಮೇಲೆ ಅಡಿಕೆ ಒಣಗುದು, ಕೆಳಗೆ ನಾವು ಒಣಗುದು,” ಎಂದರು ಜಾನಕಿಯಕ್ಕ. “ಅವನಿಗೆ ಹೇಳಿದ್ರೆ ಇನ್ನೊಂದು ದೊಡ್ಡ ಎ.ಸಿ. ಹಾಕು ಅಂತಾನೆ. ಅವ ಬಂದಾಗೆಲ್ಲ ಎ.ಸಿ. ಹಾಕಿಯೇ ಇರ್ತದಲ್ಲ, ಅವನಿಗೆ ಹೇಗೆ ಗೊತ್ತಾಗುದು?”

ವೃತ್ತಿಧರ್ಮದ ಪ್ರಕಾರ ನಾನು ವರದಿ ಬರೆದು ಕೊಟ್ಟು ಹೊರಡಬಹುದಿತ್ತು. ಹಾಗೆ ಮಾಡಲಿಲ್ಲ. ಪೆರಾಬೆಯಲ್ಲಿ ನಡೆದದ್ದನ್ನು ಹೇಳಿ, ತಮ್ಮನನ್ನು ಊಟಕ್ಕೆ ಕರೆಯಿರಿ, ಮೋನಪ್ಪಣ್ಣನ ಮನೆಯವರನ್ನೂ ಅಂದು ಸಭೆಯಲ್ಲಿದ್ದ ಇನ್ನು ಕೆಲವರನ್ನೂ ನಾನು ಕರೆತರುತ್ತೇನೆ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. “ಅವನನ್ನು ನಾಲ್ಕು ಜನರ ಎದುರು ನಾಚಿಸ್ಬೇಕಾ ನಿನಗೆ?”

“ಬೇಕು.”

“ನನಗೂ ಬೇಕು ಮಾರಾಯ್ತಿ,” ಎಂದು ಅವರು ನಕ್ಕರು. “ಈ ಮನೆಯಲ್ಲಿ ಬೆಂದದ್ದು ನಾನಲ್ವಾ?”

ಅಕ್ಕ ಊಟಕ್ಕೆ ಕರೆದರೆ ತಮ್ಮ ಇಲ್ಲವೆನ್ನುವಂತಿಲ್ಲ. ಭಾನುವಾರ ಜಾನಕಿಯಕ್ಕ ಕೋಳಿಸಾರು, ರೊಟ್ಟಿ ಧಾರಾಳವಾಗಿಯೇ ಬಡಿಸಿದರು. ಊಟವಾದ ಮೇಲೆ ಬಂದ ನೆಂಟನಿಗೆ ಮನೆಯ ಒಳ್ಳೆಯ ಕೋಣೆಯನ್ನು ಮಧ್ಯಾಹ್ನದ ನಿದ್ದೆಗೆ ಬಿಟ್ಟುಕೊಡುವುದು ನಮ್ಮ ಕಡೆಯ ಮರ್ಯಾದೆ. ಆ ಮರ್ಯಾದೆಗೆ ಸ್ವಲ್ಪವೂ ಕುಂದಾಗದಂತೆ ವಿಶ್ವಣ್ಣನನ್ನು ಅಡಿಕೆಗೂಡಿನ ಕೆಳಗಿನ ಕೋಣೆಯಲ್ಲಿ ಮಲಗಿಸಲಾಯಿತು. ಆಮೇಲೆ ನಾನೂ ಪೆರಾಬೆಯವರೂ ಹಿತ್ತಿಲ ಬಾಗಿಲಿನಿಂದ ಬಂದು ಚಾವಡಿಯಲ್ಲಿ ಸದ್ದಿಲ್ಲದೆ ಕುಳಿತೆವು.

ಒಳಗಿನಿಂದ ಮೊದಲು ಮಗ್ಗುಲು ಬದಲಿಸುವ ಸದ್ದು, ಆಮೇಲೆ ಧ್ವನಿ. “ಅಕ್ಕಾ, ರಿಮೋಟ್ ಎಲ್ಲುಂಟು?”

“ನನ್ನ ಸೊಂಟದಲ್ಲಿ ಉಂಟು. ಅಲ್ಲೇ ಇರ್ಲಿ.”

“ಎಂತ ತಮಾಷೆ ಇದು? ಇಲ್ಲಿ ಮನುಷ್ಯ ಮಲಗುದಾ?”

“ನಾನು ದಿನಾ ಮಲಗುದು ಅಲ್ಲೇ, ವಿಶ್ವ.”

ಬಾಗಿಲು ತೆರೆಯಿತು. ಅಂಗಿ ಕಳಚಿ, ಹೆಗಲ ಬೈರಾಸಿನಿಂದ ಕುತ್ತಿಗೆಯ ಬೆವರು ಒರೆಸುತ್ತ ಹೊರಬಂದ ಅವರು, ಸಾಲಾಗಿ ಕುಳಿತ ನಮ್ಮನ್ನು ಕಂಡು ಹೊಸ್ತಿಲಲ್ಲೇ ನಿಂತರು. ಸಭೆಯಲ್ಲಿ ಹೇಳಲಾಗದ ಉತ್ತರವನ್ನು ನಾನು ಒಂದು ತಿಂಗಳಿಂದ ಹರಿತ ಮಾಡಿಟ್ಟುಕೊಂಡಿದ್ದೆ. ಅದನ್ನು ಹೇಳುವ ಅಗತ್ಯವೇ ಬೀಳಲಿಲ್ಲ.

“ಎಂತ ವಿಶ್ವಣ್ಣ,” ಎಂದರು ಮೋನಪ್ಪಣ್ಣ, “ಒಂದು ಬದಿ ಒಣಗಿತಾ? ಇನ್ನು ಮಗುಚಿ ಹಾಕುದಾ?”

ಪೆರಾಬೆಯಲ್ಲಿ ನಕ್ಕವರೇ ಇಲ್ಲೂ ನಕ್ಕರು. ಆ ನಗುವನ್ನು ನಾನು ಕೊನೆಯವರೆಗೂ ಆಸ್ವಾದಿಸಿದೆ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಬಳಿಕ ಎಲ್ಲರನ್ನೂ ತಾರಸಿಗೆ ಕರೆದೊಯ್ದು, ಗೂಡಿನೊಳಗಿನ ನೆಲವನ್ನೂ ನೀರಿನ ಟ್ಯಾಂಕಿನ ನೆರಳಿನ ನೆಲವನ್ನೂ ಮುಟ್ಟಿಸಿದೆ. ವಿಶ್ವಣ್ಣನಿಂದಲೂ ಮುಟ್ಟಿಸಿದೆ. ಗೂಡಿನೊಳಗೆ ಇಟ್ಟ ಅಂಗೈಯನ್ನು ಅವರು ಥಟ್ಟನೆ ಹಿಂದೆಗೆದದ್ದನ್ನು ಎಲ್ಲರೂ ನೋಡಿದರು.

“ಗೂಡು ಅಂಗಳಕ್ಕೆ ಇಳೀಬೇಕು,” ಎಂದರು ಜಾನಕಿಯಕ್ಕ. “ನಿನ್ನ ಜನ, ನಿನ್ನ ಖರ್ಚು. ಅದು ಇಳಿಯುವವರೆಗೆ ನೀನು ಬಂದ್ರೆ ಆ ಕೋಣೆಯಲ್ಲೇ ಮಲಗುದು.”

ಗೂಡು ಅದೇ ವಾರ ಇಳಿಯಿತು. ತಾರಸಿಗೆ ಬಿಳಿ ಬಣ್ಣ ಬಳಿದು, ಮೇಲೆ ನಾಲ್ಕೂ ಬದಿ ಗಾಳಿಯಾಡುವಂತೆ ಎತ್ತರಿಸಿದ ಶೀಟು ಹಾಕಿಸಿದೆವು. ಒಂದು ಎ.ಸಿ.ಯ ಕೆಲಸವೇ ಮುಗಿಯಿತು. ಇನ್ನೊಂದು ಇಪ್ಪತ್ತಾರು ಡಿಗ್ರಿಯಲ್ಲಿ, ಅದೂ ಅಪರೂಪಕ್ಕೆ ಓಡತೊಡಗಿತು. ನಮ್ಮ ಮೊದಲ ಮಾದರಿ ಮನೆ ಪೆರಾಬೆಯಲ್ಲಲ್ಲ, ಅರಂತೋಡಿನಲ್ಲಿ, ನನ್ನ ಎದುರಾಳಿಯೇ ಕಟ್ಟಿದ ಮನೆಯಾಯಿತು. ಎರಡನೆಯದು ಮೋನಪ್ಪಣ್ಣನದು. ಕೆಲಸ ನಿಲ್ಲಲಿಲ್ಲ.

ಕಳೆದ ಬೇಸಿಗೆಯಲ್ಲಿ ಕಬಕದ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಸಾಲಿನಲ್ಲಿ ವಿಶ್ವಣ್ಣ ಯಾರಿಗೋ ವಿವರಿಸುತ್ತಿದ್ದರು: “ಅಡಿಕೆಗೂಡು ತಾರಸಿಗೆ ಹಾಕುದೇ ಬೇಡ. ಕಾಂಕ್ರೀಟು ಬಿಸಿ ಹಿಡ್ಕೊಳ್ತದೆ, ಎ.ಸಿ. ಸುಮ್ಮನೆ ಕರೆಂಟ್ ತಿನ್ನುದು. ನಾನು ಮೊದಲಿಂದ್ಲೂ ಹೇಳ್ತಾ ಇದ್ದೇನೆ.” ಪದಕ್ಕೆ ಪದ ನನ್ನ ವಾದ. ಹೇಳುವಾಗ ಅವರ ಕೈ ತಾನಾಗಿ ಕುತ್ತಿಗೆಯ ಬೆವರು ಒರೆಸುತ್ತಿತ್ತು.

ನನ್ನ ಪಕ್ಕದಲ್ಲಿದ್ದ ಜಾನಕಿಯಕ್ಕ ಮೊಣಕೈಯಿಂದ ತಿವಿದರು. “ಅದು ನಿನ್ನ ಮಾತಲ್ವಾ? ಎದ್ದು ಹೇಳು.”

ನಾನು ಏಳಲಿಲ್ಲ. ತೀರ್ಪುಗಾರರ ಮೆಚ್ಚುಗೆಯೇ ಗೆಲುವು ಎಂದು ಕಾಲೇಜು ನನಗೆ ಕಲಿಸಿತ್ತು. ಎದುರಾಳಿ ನಿಮ್ಮ ಪಕ್ಷವನ್ನು ತನ್ನದೆಂದೇ ನಂಬಿ ವಾದಿಸುವುದು ಗೆಲುವು ಎಂದು ಈ ಕೆಲಸ ಕಲಿಸಿತು. ಅವರು ಇನ್ನೆಷ್ಟು ಮನೆ ಕಟ್ಟುತ್ತಾರೋ, ಅಷ್ಟೂ ಮನೆಗಳಲ್ಲಿ ನನ್ನ ಭಾಷಣ ಮಾಡಬೇಕು. ಆ ಶಿಕ್ಷೆಯಲ್ಲಿ ಒಂದು ದಿನವನ್ನೂ ನಾನು ಕಡಿಮೆ ಮಾಡಲಾರೆ.

“ಇರ್ಲಿ ಅಕ್ಕ,” ಎಂದೆ. “ಜೀವಮಾನ ಇಡೀ ಹೇಳ್ಲಿ.”