ಬೆಣ್ಣೆ ಬಾರದ ಹಾಲು

“ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ನಂತರ ಸರ್ಕಾರ ಬಡಮಕ್ಕಳ ಪುಷ್ಟಿಗೆಂದು ಶಾಲೆಗಳಿಗೆ ಹಾಲಿನ ಪುಡಿ ಕಳುಹಿಸಿತು. ಔರಾದ ಸೀಮೆಯ ತಿಳಿವಳಿಕೆಯಿಲ್ಲದ ತಾಯಂದಿರು ಅದನ್ನು ಮಕ್ಕಳಿಗೆ ಕುಡಿಸದೆ ಗೋಡೆಗೆ ಬಳಿದರು.” ಈ ಮಾತನ್ನು ಬೀದರಿನ ಸಭೆಗಳಲ್ಲಿ ಹಲವು ಬಾರಿ ಕೇಳಿದ್ದೇನೆ. ಹೇಳಿದವರೆಲ್ಲ ಓದಿದವರು, ಆ ಗೋಡೆಯನ್ನು ಕಂಡವರು ಅವರಲ್ಲಿ ಒಬ್ಬರೂ ಇರಲಿಲ್ಲ. ನಾನು ನಾಲ್ಕನೇ ಜಮಾತಿಗೇ ಶಾಲೆ ಬಿಟ್ಟವನು; ಉಳಿದದ್ದನ್ನು ಸ್ವಂತ ಓದಿನಿಂದ ತಿಳಿದುಕೊಂಡೆ. ಆದರೆ ಗೋಡೆಯನ್ನು ಕಂಡಿದ್ದೇನೆ.

ಬಳಿದದ್ದು ನಿಜ. ಭಾಲ್ಕಿ ಸ್ಟೇಷನ್ನಿನಿಂದ ಠಾಣಾ ಕುಶನೂರಿನ ಆಚೆಯ ನಮ್ಮ ಹಳ್ಳಿಗೆ ಎತ್ತಿನ ಗಾಡಿಯಲ್ಲಿ ಬಂದ ಪೀಪಾಯಿಗಳಲ್ಲಿ ಒಂದು ದಾರಿಯ ಮಳೆಗೆ ಸಿಕ್ಕಿ, ಒಳಗಿನ ಪುಡಿ ಗಂಟುಕಟ್ಟಿ ನಾರಿತು. ಶಾಲೆಯ ಜವಾನ ಅದನ್ನು ಸುಣ್ಣಕ್ಕೆ ಬೆರೆಸಿ ಹಿಂಬದಿಯ ಗೋಡೆಗೆ ಬಳಿದ. ಮಳೆಗಾಲ ಮುಗಿಯುವವರೆಗೂ ಆ ಗೋಡೆಗೆ ನೊಣ ಮುತ್ತುತ್ತಿದ್ದವು. ತಾಯಂದಿರಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಉಳಿದ ಪೀಪಾಯಿಗಳ ಸಂಗತಿ ಬೇರೆ. ಮಾಸ್ತರರು ಪುಡಿಯನ್ನು ಬಿಸಿನೀರಿಗೆ ಕಲಸಿ, ಮಕ್ಕಳನ್ನು ಸಾಲಾಗಿ ಕೂರಿಸಿ, ಕಣ್ಣೆದುರೇ ಕುಡಿಸಬೇಕು. ಹಾಲು ಮನೆಗೆ ಹೋಗಕೂಡದು. ಇದು ಮೇಲಿನ ಹುಕುಂ. ಶಾಲೆಗೆ ಸೇರದ ಚಿಕ್ಕ ಮಕ್ಕಳಿಗೂ ಪಾಲಿತ್ತು. ಅವರ ಹೆಸರುಗಳ ಯಾದಿಯಲ್ಲಿ ನನ್ನ ತಂಗಿಯ ಹೆಸರೂ ಇತ್ತು. ಜ್ವರದಿಂದ ಎದ್ದ ಕೂಸು, ಎತ್ತಿಕೊಂಡರೆ ಪಕ್ಕೆಲುಬು ಕೈಗೆ ಹತ್ತುತ್ತಿದ್ದವು. ನಮ್ಮಲ್ಲಿ ಹಾಲನ್ನು ಹಾಲಾಗಿ ಕುಡಿಯುವ ರೂಢಿ ಇರಲಿಲ್ಲ. ಹೆಪ್ಪು ಹಾಕಿ ಕಡೆದರೆ ಬೆಣ್ಣೆ ಸಂತೆಗೆ, ಮಜ್ಜಿಗೆ ಜೋಳದ ಅಂಬಲಿಗೆ. ಶಾಲೆಯ ಹಾಲು ಕುಡಿದ ಎರಡೇ ದಿನಕ್ಕೆ ತಂಗಿಗೆ ಭೇದಿ ಹತ್ತಿತು. ಇನ್ನೂ ಕೆಲವು ಮಕ್ಕಳಿಗೆ ಹಾಗೆಯೇ ಆಯಿತು. ಅವ್ವ ಅವಳನ್ನು ಕಳುಹಿಸುವುದನ್ನು ನಿಲ್ಲಿಸಿದಳು. ಮಾಸ್ತರರು ಮನೆಗೆ ಬಂದು, ಬಾರದವರ ಹೆಸರು ಹೊಡೆದುಹಾಕಬೇಕಾಗುತ್ತದೆ ಎಂದರು.

“ಹೆಸರು ಹೊಡಿಬ್ಯಾಡ್ರಿ. ಅಕಿ ಪಾಲು ನನಗ ಕೊಡ್ರಿ, ಹೆಪ್ಪು ಹಾಕಿ ಕುಡಸ್ತೇನಿ,” ಎಂದಳು ಅವ್ವ.

“ಹಾಲು ಕುಡಸಂತ ಹುಕುಂ ಅದ ತಾಯಿ. ಮೊಸರು ಮಾಡಂತ ಇಲ್ಲ.”

“ಹಾಲು ಮೊಸರಾಗ್ಲಾಕ ಯಾರ ಹುಕುಂ ಬೇಕ್ರಿ ಮಾಸ್ತರ?”

ಮಾಸ್ತರರು ನಕ್ಕು ಒಪ್ಪಿದರು. ಮರುದಿನದಿಂದ ಅವ್ವ ಸೆರಗಿನ ಮರೆಯಲ್ಲಿ ಒಂದು ತಂಬಿಗೆ ಹಾಲು ತರತೊಡಗಿದಳು. ಮಜ್ಜಿಗೆ ತಂಗಿಯ ಹೊಟ್ಟೆಗೆ ದಕ್ಕಿತು, ಭೇದಿ ನಿಂತಿತು. ಅದನ್ನು ಕಂಡು ಓಣಿಯ ಇನ್ನಿಬ್ಬರು ಹೆಂಗಸರೂ ಹಾಗೆಯೇ ಮಾಡಿದರು. ಆದರೆ ಕಡೆಗೋಲು ಎಷ್ಟು ತಿರುಗಿಸಿದರೂ ಬೆಣ್ಣೆಯ ಒಂದು ಕಣವೂ ತೇಲಲಿಲ್ಲ. ಮಾಸ್ತರರ ಮನೆಯವರು ಮೊದಲೇ ತೆಗೆದುಕೊಂಡಿದ್ದಾರೆ ಎಂದು ಓಣಿ ತೀರ್ಮಾನಿಸಿತು.

ಬೀದರಿನಿಂದ ತಪಾಸಣೆಗೆ ಅಧಿಕಾರಿ ಬಂದ ದಿನ ಹೆಂಗಸರು ಶಾಲೆಯ ಮುಂದೆ ನೆರೆದರು. ಅವ್ವ ತಂಗಿಯನ್ನು ಎತ್ತಿಕೊಂಡು ಹಿಂದೆ ನಿಂತಿದ್ದಳು.

“ಸಾಹೇಬರ, ಈ ಹಾಲಿನ ಬೆಣ್ಣಿ ಯಾರ ಮನಿಗಿ ಹೋಗ್ತದ, ಜರಾ ಕೇಳ್ರಿ,” ಎಂದಳು ನಮ್ಮ ನೆರೆಮನೆಯ ಮುದುಕಿ.

“ಬೆಣ್ಣಿ ಇಲ್ಲಂತ ನಿಮಗ ಹ್ಯಾಂಗ ಗೊತ್ತು? ಎಲ್ಲಿ ಕಡದ್ರಿ?” ಎಂದರು ಅಧಿಕಾರಿ.

ದೂರಿನಿಂದಲೇ ತಮ್ಮ ಗುಟ್ಟು ಬಯಲಾದದ್ದು ಎಲ್ಲರಿಗೂ ಆಗ ಹೊಳೆಯಿತು. ಮಾಸ್ತರರ ಮುಖ ಇಳಿಯಿತು. ಅವ್ವ ಮುಂದೆ ಬಂದಳು.

“ನಮ್ಮ ಮನ್ಯಾಗ್ರಿ. ಕೂಸಿಗಿ ಹಾಲು ದಕ್ಕಲಿಲ್ಲ, ಮಜ್ಜಿಗಿ ದಕ್ಕ್ಯದ. ಅಕಿ ಹೆಸರು ಹೊಡಿಬ್ಯಾಡ್ರಿ.”

ಬೆಣ್ಣೆಯನ್ನು ಇಲ್ಲಿ ಯಾರೂ ಕದ್ದಿಲ್ಲ, ಪುಡಿ ಮಾಡುವ ಮೊದಲೇ ಪರದೇಶದಲ್ಲಿ ತೆಗೆದಿರುತ್ತಾರೆ ಎಂದು ಅಧಿಕಾರಿ ತಿಳಿಸಿದರು. ಅವ್ವ ತುಸು ಯೋಚಿಸಿದಳು.

“ಬೆಣ್ಣಿ ತೆಗದು ಉಳದದ್ದಕ್ಕ ನಾವು ಮಜ್ಜಿಗಿ ಅಂತೇವ್ರಿ. ಮಜ್ಜಿಗಿ ಕಳಿಸಿ ಹಾಲಂತ ಯಾಕ ಕುಡಸ್ತೀರಿ?”

ಈ ವಾದ ವಿಜ್ಞಾನಕ್ಕೆ ಒಪ್ಪುವುದಿಲ್ಲ. ಹಾಲು ದಕ್ಕಿಸಿದ್ದು ಹೆಪ್ಪು, ಬೆಣ್ಣೆಯ ಗೈರುಹಾಜರಿಯಲ್ಲ ಎಂಬುದನ್ನು ಬಹಳ ಕಾಲದ ನಂತರ ಓದಿ ತಿಳಿದೆ. ಅಧಿಕಾರಿ ಮಾತ್ರ ತಂಗಿಯನ್ನು ನೋಡಿದರು, ತಪಾಸಣೆಯ ಪುಸ್ತಕ ತರಿಸಿ ಉರ್ದುವಿನಲ್ಲಿ ಬರೆದರು. ಮಾಸ್ತರರು ಅದನ್ನು ಎಲ್ಲರಿಗೂ ಓದಿ ಹೇಳಿದರು: ಹಾಲು ಒಗ್ಗದ ಮಕ್ಕಳಿಗೆ ಶಾಲೆಯಲ್ಲಿಯೇ ಹೆಪ್ಪು ಹಾಕಿ ಮಜ್ಜಿಗೆ ಕೊಡಬಹುದು, ಯಾರ ಹೆಸರನ್ನೂ ತೆಗೆಯಬಾರದು. ಅಂದಿನಿಂದ ಹೆಪ್ಪು ಒದಗಿಸುವ ಕೆಲಸ ಅವ್ವನದಾಯಿತು.

ಹಳೆಯ ಶಾಲೆ ಕೆಡವಿದಾಗ ಕಾಗದಪತ್ರಗಳು ರದ್ದಿಗೆ ಹೊರಟಿದ್ದವು. ನಾನು ಹೆಡ್‌ಮಾಸ್ತರರನ್ನು ಕೇಳಿ ಆ ತಪಾಸಣೆಯ ಪುಸ್ತಕವನ್ನು ತಂದುಕೊಂಡೆ. ಈಗ ಅದು ಎಕಂಬಾದಲ್ಲಿ, ಆ ಯಾದಿಯ ಕೂಸಾಗಿದ್ದ ನನ್ನ ತಂಗಿಯ ಮನೆಯಲ್ಲಿದೆ. ಅವಳಿಗೆ ಮರಿಮಕ್ಕಳಾಗಿದ್ದಾರೆ, ಆದರೂ ಅವಳು ಹಾಲು ಇಂದಿಗೂ ಕುಡಿಯುವುದಿಲ್ಲ. ಸಂಶಯವಿದ್ದವರು ಉರ್ದು ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ ಓದಿಸಿಕೊಳ್ಳಬಹುದು. ಮಜ್ಜಿಗೆಯ ಅಪ್ಪಣೆಯಿರುವ ಪುಟದಲ್ಲೇ, ಕೆಳಗೆ, ಮಳೆಗೆ ಕೆಟ್ಟ ಪೀಪಾಯಿಯ ಬಗ್ಗೆ ಎರಡು ಸಾಲುಗಳಿವೆ. ಅವುಗಳ ಪಕ್ಕದಲ್ಲಿ, ಗೋಡೆಗೆ ಬಳಿದವನು ತಾನೇ ಎಂದು ಜವಾನ ಒತ್ತಿದ ಹೆಬ್ಬೆಟ್ಟಿನ ಗುರುತಿದೆ.